ಶೋ ಮಟ್ಟದ ಕೋಳಿ ಬೇಕೇ? ಒಳ್ಳೆ ಬ್ರೀಡರ್ ಹುಡುಕಿ ಕೋಳಿ ತರುವ ಸಮಗ್ರ ಮಾರ್ಗದರ್ಶಿ

ಪ್ರದರ್ಶನದ ಪಂಜರದಲ್ಲಿ ಎದೆ ಎತ್ತಿ ನಿಂತ ಕೋಳಿ ಒಂದೇ ವರ್ಷದಲ್ಲಿ ತಯಾರಾದದ್ದಲ್ಲ. ಯಾರೋ ಒಬ್ಬರು ವರ್ಷಗಟ್ಟಲೆ ಮರಿ ಮಾಡಿಸಿ, ಒಳ್ಳೆಯದನ್ನು ಇಟ್ಟುಕೊಂಡು, ಉಳಿದದ್ದನ್ನು ಕೈಬಿಟ್ಟು ಅದನ್ನು ಅಲ್ಲಿಗೆ ತಂದಿರುತ್ತಾರೆ. ಹಾಗಾಗಿ ನೀವು ಮೊದಲು ಹುಡುಕಬೇಕಾದ್ದು ಆ ಬ್ರೀಡರನ್ನು. ಅವರು ಸಿಕ್ಕರೆ ಕೋಳಿ ಸಿಗುತ್ತದೆ. ಕೋಳಿ ಚೆನ್ನಾಗಿದೆ ಅಂತ ಗುರುತಿಲ್ಲದ ಕಡೆಯಿಂದ ತಂದರೆ ಮುಂದಿನ ವರ್ಷ ಅದರ ಮರಿಗಳು ಹೇಗಿರುತ್ತವೋ ಹೇಳುವವರೇ ಇರುವುದಿಲ್ಲ.

ಶೋ ಮಟ್ಟ ಅಂದರೆ ಏನು

ಸ್ಪರ್ಧೆಗೆ ಮಾನ್ಯವಾದ ಪ್ರತಿ ತಳಿಗೂ ಒಂದು ಲಿಖಿತ ಅಳತೆಗೋಲು ಇದೆ. ಇದನ್ನೇ ಸ್ಟ್ಯಾಂಡರ್ಡ್ ಅನ್ನುತ್ತಾರೆ. ಬ್ರಿಟನ್‌ನಲ್ಲಿ ಇಂಥ ಮೊದಲ ಪುಸ್ತಕ 1865ರಲ್ಲಿ ಬಂತು. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ತನ್ನ ಸ್ಟ್ಯಾಂಡರ್ಡನ್ನು 1874ರಲ್ಲಿ ಮೊದಲು ಪ್ರಕಟಿಸಿತು. ತೂಕ, ಬೆನ್ನಿನ ಗೆರೆ, ಬಾಲದ ಕೋನ, ಜುಟ್ಟಿನ (ತಲೆ ಮೇಲಿನ ಮಾಂಸದ ಕಿರೀಟದ) ಆಕಾರ, ಕಿವಿಹಾಲೆಯ ಬಣ್ಣ, ಕಣ್ಣಿನ ಬಣ್ಣ, ಒಂದೊಂದು ಗರಿಯ ಮೇಲಿನ ಗೆರೆ, ಎಲ್ಲವೂ ಅದರಲ್ಲಿ ಇರುತ್ತದೆ. ಜಡ್ಜ್ ನೋಡುವುದು ಆ ಬರಹಕ್ಕೆ ಕೋಳಿ ಎಷ್ಟು ಹತ್ತಿರ ಇದೆ ಅಂತ.

ಹ್ಯಾಚರಿಯ, ಅಂದರೆ ಮರಿ ಮಾಡಿಸಿ ಮಾರುವ ಕೇಂದ್ರದ, ಕೋಳಿ ಈ ಅಳತೆಗೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದು ಹ್ಯಾಚರಿಯವರ ತಪ್ಪಲ್ಲ. ಅವರ ಗುರಿ ಜಾಸ್ತಿ ಮೊಟ್ಟೆ, ಜಾಸ್ತಿ ಮರಿ. ದೊಡ್ಡ ಹಿಂಡಿನಲ್ಲಿ ಯಾವ ಹುಂಜ ಯಾವ ಹೇಂಟೆಗೆ ಕೂಡಿತು ಅಂತ ಲೆಕ್ಕ ಇಡುವುದಿಲ್ಲ. ಬಾಲದ ಕೋನ ನೋಡಿ ಆರಿಸುವುದೂ ಇಲ್ಲ. ಅಮೆರಾಕಾನಾ ತಳಿಯನ್ನೇ ನೋಡಿ. ಅಮೆರಿಕದ ಎಷ್ಟೋ ಹ್ಯಾಚರಿಗಳು ಆ ಹೆಸರಿನಲ್ಲಿ ಮಾರುತ್ತಾ ಬಂದದ್ದು ನೀಲಿ, ಹಸಿರು ಮೊಟ್ಟೆ ಇಡುವ ಮಿಶ್ರ ಕೋಳಿಗಳನ್ನು. ಅವಕ್ಕೆ ಈಸ್ಟರ್ ಎಗ್ಗರ್ ಅಂತ ಹೆಸರು. ಮನೆಗೆ ಮೊಟ್ಟೆ ಬೇಕಾದರೆ ಚೆನ್ನಾಗಿಯೇ ಇರುತ್ತವೆ. ಆದರೆ ಸ್ಪರ್ಧೆಯಲ್ಲಿ ಅಮೆರಾಕಾನಾ ಅಂತ ನಿಲ್ಲಿಸಲು ಆಗುವುದಿಲ್ಲ.

ಇಲ್ಲೇ ಇನ್ನೊಂದು ವಿಷಯ ತಿಳಿದುಕೊಂಡರೆ ಮುಂದೆ ಬ್ರೀಡರ್ ಜೊತೆ ಮಾತು ಸುಲಭ. ಗೆಲ್ಲುವ ಕೋಳಿ ಬೇರೆ, ಗೆಲ್ಲುವ ಮರಿ ಕೊಡುವ ಕೋಳಿ ಬೇರೆ. ಆಂಡಲೂಸಿಯನ್ ತಳಿಯಲ್ಲಿ ಸ್ಪರ್ಧೆಗೆ ನಿಲ್ಲುವುದು ನೀಲಿ ಬಣ್ಣದ್ದು. ನೀಲಿಗೆ ನೀಲಿ ಕೂಡಿಸಿದರೆ ಸರಾಸರಿ ಅರ್ಧ ಮರಿ ಮಾತ್ರ ನೀಲಿ. ಕಾಲು ಭಾಗ ಕಪ್ಪು, ಇನ್ನು ಕಾಲು ಭಾಗ ಬಿಳಿ ಮೈಮೇಲೆ ಚುಕ್ಕೆ ಎರಚಿದಂತಿರುವ ಸ್ಪ್ಲಾಶ್. ಆದರೆ ಕಪ್ಪಿಗೆ ಸ್ಪ್ಲಾಶ್ ಕೂಡಿಸಿದರೆ ಮರಿಗಳೆಲ್ಲಾ ನೀಲಿ! ಸ್ಪರ್ಧೆಗೆ ಬಾರದ ಎರಡು ಕೋಳಿಗಳಿಂದ ಇಡೀ ಹಿಂಡು ನೀಲಿ ಮರಿ ಸಿಗುತ್ತದೆ. ಆದ್ದರಿಂದ ನಿಮಗೆ ಈ ವರ್ಷ ಪಂಜರಕ್ಕೆ ಕೋಳಿ ಬೇಕೋ, ಮುಂದಕ್ಕೆ ತಳಿ ಕಟ್ಟಲು ಬೇಕೋ, ಮೊದಲೇ ತೀರ್ಮಾನಿಸಿ.

ಒಂದೇ ತಳಿ, ಒಂದೇ ಬಣ್ಣ

ಹೊಸಬರಿಗೆ ನನ್ನ ಸಲಹೆ ಇಷ್ಟೇ. ಒಂದು ತಳಿ ಹಿಡಿಯಿರಿ, ಅದರಲ್ಲೂ ಒಂದೇ ಬಣ್ಣ. ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಇದ್ದರೆ ಗರಿಯ ಚಿತ್ತಾರದ ತಲೆನೋವು ಇಲ್ಲ, ಮೈಕಟ್ಟಿನ ಮೇಲೆ ಪೂರ್ತಿ ಗಮನ ಇಡಬಹುದು. ಬಿಳಿಗೆ ಮಾತ್ರ ನೆರಳು ಬೇಕು. ಬಿಸಿಲಿಗೆ ಗರಿ ಹಳದಿಗೆ ತಿರುಗುತ್ತದೆ.

ನಿಮ್ಮ ಜಾಗವನ್ನೂ ನೋಡಿಕೊಳ್ಳಿ. ಕೊಚ್ಚಿನ್, ಬ್ರಹ್ಮ ಇವುಗಳ ಕಾಲಿನ ತುಂಬ ಗರಿ. ಕೆಸರಿನ ಅಂಗಳದಲ್ಲಿ ಆ ಗರಿ ಉಳಿಯುವುದಿಲ್ಲ. ಪೋಲಿಷ್ ತಳಿಗೆ ತಲೆ ಮೇಲಿನ ಗರಿ ಕಣ್ಣಿಗೆ ಅಡ್ಡ ಬರುತ್ತದೆ, ಬೇರೆ ಜೋರಿನ ಕೋಳಿಗಳ ಜೊತೆ ಬಿಟ್ಟರೆ ಕುಕ್ಕಿಸಿಕೊಳ್ಳುತ್ತದೆ. ಜಾಗ ಕಮ್ಮಿ ಇದ್ದರೆ ಬ್ಯಾಂಟಮ್, ಅಂದರೆ ಪುಟ್ಟ ಗಾತ್ರದ ಕೋಳಿ ನೋಡಿ. ಅಷ್ಟೇ ಜಾಗದಲ್ಲಿ ಜಾಸ್ತಿ ಮರಿ ಬೆಳೆಸಬಹುದು, ಹಾಗಾಗಿ ಆರಿಸಲೂ ಜಾಸ್ತಿ ಸಿಗುತ್ತವೆ.

ಕೆಲವು ತಳಿಗಳ ಗುಣದಲ್ಲೇ ನಷ್ಟ ಸೇರಿಕೊಂಡಿರುತ್ತದೆ. ಅರಾಕಾನಾದ ಕಿವಿ ಹತ್ತಿರದ ಗರಿಗುಚ್ಛ, ಜಪಾನೀಸ್ ಬ್ಯಾಂಟಮ್‌ನ ಗಿಡ್ಡ ಕಾಲು, ಇವೆರಡನ್ನೂ ತರುವ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಇದು ಗೊತ್ತಿದ್ದು ಆರಿಸಿಕೊಳ್ಳಿ.

ಹೋಗುವ ಮೊದಲು ಸ್ಟ್ಯಾಂಡರ್ಡ್ ಓದಿ

ನಿಮ್ಮ ತಳಿಯ ಪುಟವನ್ನು ಬಾಯಿಪಾಠ ಆಗುವಷ್ಟು ಓದಿ. ಅಮೆರಿಕದ ಸ್ಟ್ಯಾಂಡರ್ಡ್ ಪ್ರಕಾರ ರೋಡ್ ಐಲ್ಯಾಂಡ್ ರೆಡ್ ಹುಂಜ ಸುಮಾರು 3.8 ಕೆಜಿ, ಹೇಂಟೆ ಸುಮಾರು 3 ಕೆಜಿ. ಒಂಟಿ ಜುಟ್ಟಿನ (ನೆಟ್ಟಗೆ ಒಂದೇ ಸಾಲಿನ ಜುಟ್ಟಿನ) ಲೆಗಾರ್ನ್‌ಗೆ ಜುಟ್ಟಿನಲ್ಲಿ ಐದು ಹಲ್ಲು, ಕಿವಿಹಾಲೆ ಬಿಳಿ, ಕಾಲು ಹಳದಿ. ಡಾರ್ಕಿಂಗ್, ಸಿಲ್ಕಿ, ಫಾವರೋಲ್, ಹೂಡಾನ್, ಸುಲ್ತಾನ್ ತಳಿಗಳಿಗೆ ಕಾಲಿಗೆ ಐದು ಬೆರಳು. ನಾಲ್ಕು ಬೆರಳು ಇರಬೇಕಾದ ತಳಿಯಲ್ಲಿ ಐದನೇ ಬೆರಳು ಕಂಡರೆ ಸ್ಪರ್ಧೆಯಿಂದ ಹೊರಗೆ.

ದೋಷಗಳಲ್ಲಿ ಎರಡು ಬಗೆ ಇದೆ. ಒಂದು, ಅಂಕ ಕಳೆಯುವಂಥದ್ದು. ಇನ್ನೊಂದು, ನೇರವಾಗಿ ಹೊರಗೆ ಹಾಕುವಂಥದ್ದು. ಒಂಟಿ ಜುಟ್ಟಿನ ಪಕ್ಕದಿಂದ ಮೊಳೆತ ಚಿಗುರು, ಒಂದು ಕಡೆಗೆ ವಾಲಿದ ಬಾಲ, ಬೆನ್ನಿನ ಕಡೆಗೆ ಬಾಗಿ ತಲೆಯತ್ತ ಬಂದ ಬಾಲ, ನುಣುಪು ಕಾಲಿನ ತಳಿಯಲ್ಲಿ ಕಾಲ ಮೇಲೆ ಸಣ್ಣ ಗರಿ, ಇವೆಲ್ಲಾ ಎರಡನೇ ಬಗೆ. ಈ ಪಟ್ಟಿ ನಿಮ್ಮ ತಲೆಯಲ್ಲಿ ಇರಲೇಬೇಕು.

ಬ್ರೀಡರ್ ಎಲ್ಲಿ ಸಿಗುತ್ತಾರೆ

ಪ್ರದರ್ಶನದ ಹಾಲ್‌ಗಿಂತ ಒಳ್ಳೆ ಜಾಗ ಇಲ್ಲ. ಅಲ್ಲಿ ನಿಮ್ಮ ತಳಿಯ ಸಾಲಿನ ಮುಂದೆ ನಿಧಾನಕ್ಕೆ ನಡೆಯಿರಿ. ಮೊದಲ ಸ್ಥಾನದ ಕೋಳಿಯನ್ನಷ್ಟೇ ನೋಡಬೇಡಿ. ಒಬ್ಬರದೇ ನಾಲ್ಕೈದು ಕೋಳಿ ಇದ್ದರೆ ಅವೆಲ್ಲಾ ಒಂದೇ ಅಚ್ಚಿನಲ್ಲಿ ಇವೆಯಾ ಅಂತ ನೋಡಿ. ಒಂದು ಕೋಳಿ ಅದೃಷ್ಟದಿಂದ ಚೆನ್ನಾಗಿ ಬರಬಹುದು. ಐದೂ ಅಕ್ಕತಂಗಿಯರ ಹಾಗೆ ಕಂಡರೆ ಆ ಮನೆಯಲ್ಲಿ ಒಂದು ಗಟ್ಟಿ ಲೈನ್, ಅಂದರೆ ಆರಿಸಿ ಆರಿಸಿ ಮುಂದುವರಿಸಿದ ವಂಶ, ಇದೆ ಅಂತ ಅರ್ಥ.

ಬೆಳಗ್ಗೆ ಹೋಗಿ ಮಾತಾಡಿಸಬೇಡಿ. ಆಗ ಅವರು ಕಾಲು ತೊಳೆದು, ಜುಟ್ಟಿಗೆ ಎಣ್ಣೆ ಸವರಿ, ಕೋಳಿಯನ್ನು ಪಂಜರಕ್ಕೆ ಬಿಡುವ ಗಡಿಬಿಡಿಯಲ್ಲಿ ಇರುತ್ತಾರೆ. ತೀರ್ಪು ಮುಗಿದ ಮೇಲೆ ಮನಸ್ಸು ಹಗುರಾಗಿ ಮಾತಿಗೆ ಸಿಗುತ್ತಾರೆ. ಕೇಳದೆ ಕೋಳಿ ಮುಟ್ಟಬೇಡಿ. ಜಡ್ಜ್ ಬರೆದಿಟ್ಟ ಕಾರ್ಡ್ ಓದಿ, ಅರ್ಥ ಆಗದಿದ್ದರೆ ಆ ಕಾರ್ಡ್ ಬಗ್ಗೆಯೇ ಕೇಳಿ. ಮಾತು ಶುರು ಮಾಡಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ.

ಪ್ರದರ್ಶನಕ್ಕೆ ಹೋಗಲು ಆಗದಿದ್ದರೆ ತಳಿ ಕ್ಲಬ್‌ಗೆ ಸೇರಿ. ಹೆಚ್ಚಿನ ಹೆಸರಾಂತ ತಳಿಗಳಿಗೆ ತಮ್ಮದೇ ಕ್ಲಬ್ ಇದೆ, ಸದಸ್ಯರ ಪಟ್ಟಿ ಇದೆ. ಒಬ್ಬ ಬ್ರೀಡರ್ ಹತ್ತಿರ ಈಗ ಕೋಳಿ ಇಲ್ಲದಿದ್ದರೆ "ನಿಮ್ಮ ಕೋಳಿಗಳು ಮೊದಲು ಯಾರಿಂದ ಬಂದವು?" ಅಂತ ಕೇಳಿ. ಆ ಒಂದು ಪ್ರಶ್ನೆಗೆ ಉತ್ತರವಾಗಿ ಮುಂದಿನ ಎರಡು ಮೂರು ಹೆಸರು ಸಿಗುತ್ತವೆ.

ಒಳ್ಳೆ ಬ್ರೀಡರನ್ನು ಗುರುತಿಸುವುದು

ನಾನು ಮೊದಲು ಗಮನಿಸುವುದು ಅವರು ತಮ್ಮ ಕೋಳಿಯ ದೋಷ ಹೇಳುತ್ತಾರಾ ಅಂತ. "ಈ ಲೈನ್‌ನಲ್ಲಿ ಬೆನ್ನು ಚೆನ್ನಾಗಿದೆ, ಕಣ್ಣಿನ ಬಣ್ಣ ಇನ್ನೂ ಸರಿಹೋಗಿಲ್ಲ" ಅಂತ ಹೇಳುವವರನ್ನು ನಂಬಬಹುದು. ಎಲ್ಲವೂ ಶೋ ಮಟ್ಟದ್ದೇ ಅನ್ನುವವರಿಂದ ದೂರ ಇರಿ. ಒಂದು ದಿನದ ಮರಿಗೆ ಶೋ ಮಟ್ಟ ಅಂತ ಹೆಸರಿಟ್ಟು ಮಾರುವವರಿಂದ ಇನ್ನೂ ದೂರ. ಆ ವಯಸ್ಸಿನಲ್ಲಿ ಬಾಲ ಹೇಗೆ ಬರುತ್ತದೆ, ಎದೆ ಎಷ್ಟು ಅಗಲ ಆಗುತ್ತದೆ ಅಂತ ಯಾರಿಗೂ ಹೇಳಲು ಸಾಧ್ಯವಿಲ್ಲ.

ಎರಡನೆಯದು, ಅವರ ಹತ್ತಿರ ಎಷ್ಟು ತಳಿ ಇದೆ. ಒಂದೆರಡು, ಹೆಚ್ಚೆಂದರೆ ಮೂರು ಇದ್ದರೆ ಸರಿ. ಇಪ್ಪತ್ತು ತಳಿ ಇಟ್ಟವರಿಗೆ ಒಂದೊಂದರಲ್ಲೂ ಆರಿಸಲು ಬೇಕಾದಷ್ಟು ಮರಿ ಬೆಳೆಸುವುದು ಕಷ್ಟ, ಅಲ್ವಾ?

ಆಮೇಲೆ ದಾಖಲೆ. ಕಾಲಿಗೆ ನಂಬರ್ ಇರುವ ಉಂಗುರ, ಮರಿಯ ಬೆರಳ ನಡುವಿನ ಚರ್ಮಕ್ಕೆ ಹೊಡೆದ ತೂತಿನ ಗುರುತು, ಯಾವ ಜೋಡಿಯಿಂದ ಯಾವ ಮರಿ ಅಂತ ಬರೆದ ಪುಸ್ತಕ. ಇವು ಇದ್ದರೆ ಕೆಲಸ ಗಟ್ಟಿ. ಬೇಡದ ಮರಿಗಳನ್ನು ಏನು ಮಾಡುತ್ತಾರೆ ಅಂತಲೂ ಕೇಳಿ. ಅದಕ್ಕೆ ಸ್ಪಷ್ಟ ಉತ್ತರ ಇದ್ದರೆ ಅವರು ನಿಜವಾಗಿಯೂ ಆರಿಸುತ್ತಿದ್ದಾರೆ.

ಒಂದು ಒಳಮಾತು ಹೇಳುತ್ತೇನೆ. ಕೆಲವು ಬಣ್ಣಗಳಲ್ಲಿ ಒಳ್ಳೆ ಹುಂಜ ಬೇಕಾದರೆ ಒಂದು ಲೈನ್, ಒಳ್ಳೆ ಹೇಂಟೆ ಬೇಕಾದರೆ ಇನ್ನೊಂದು ಲೈನ್ ಇಡುತ್ತಾರೆ. ಪಾರ್ಟ್ರಿಜ್ ಬಣ್ಣದ ವಯಾಂಡಾಟ್ ತಳಿ ಇದಕ್ಕೆ ಹೆಸರುವಾಸಿ. ಗೆದ್ದ ಹುಂಜ ಒಂದು ಕಡೆಯಿಂದ, ಗೆದ್ದ ಹೇಂಟೆ ಇನ್ನೊಂದು ಕಡೆಯಿಂದ ತಂದು ಕೂಡಿಸಿದರೆ ಮರಿಗಳು ಎರಡಕ್ಕೂ ಸಲ್ಲುವುದಿಲ್ಲ. ಹಾಗಾಗಿ "ನೀವು ಎರಡು ಲೈನ್ ಇಡುತ್ತೀರಾ?" ಅಂತ ಕೇಳಲು ಮರೆಯಬೇಡಿ.

ಮೊದಲ ಸಲ ಬರೆಯುವಾಗ

"ಕೋಳಿ ಇದೆಯಾ? ರೇಟ್ ಎಷ್ಟು?" ಅಂತ ಬರೆದರೆ ಉತ್ತರ ಬರುವುದು ಕಷ್ಟ. ತಮ್ಮ ವರ್ಷಗಳ ಕೆಲಸ ಯಾರ ಕೈಗೆ ಹೋಗುತ್ತದೆ ಅಂತ ಅವರಿಗೂ ತಿಳಿಯಬೇಕು. ಹೀಗೆ ಬರೆಯಬಹುದು:

"ನಮಸ್ಕಾರ. ಪ್ರದರ್ಶನದಲ್ಲಿ ನಿಮ್ಮ ಕಪ್ಪು ಆರ್ಪಿಂಗ್ಟನ್ ಕೋಳಿಗಳನ್ನು ನೋಡಿದೆ. ಅವುಗಳ ಎದೆಯ ಅಗಲ ತುಂಬಾ ಇಷ್ಟವಾಯಿತು. ನಾನು ಈ ತಳಿಗೆ ಹೊಸಬ. ನನ್ನ ಹತ್ತಿರ ಎರಡು ಗೂಡು, ಹುಲ್ಲಿನ ಅಂಗಳ ಇದೆ. ಒಂದೇ ಬಣ್ಣ ಇಟ್ಟುಕೊಂಡು ಮುಂದುವರಿಸಬೇಕು ಅಂತಿದ್ದೇನೆ. ಈ ವರ್ಷದ ಮರಿಗಳನ್ನು ನೀವು ಆರಿಸಿದ ಮೇಲೆ ಒಂದು ಹುಂಜ, ಎರಡು ಹೇಂಟೆ ಕೊಡಲು ಆಗಬಹುದೇ? ಕಾಯಲು ನಾನು ಸಿದ್ಧ. ನಿಮಗೆ ಅನುಕೂಲವಾದ ದಿನ ಬಂದು ನೋಡಬಹುದೇ?"

ಇದರಲ್ಲಿ ಮುಖ್ಯ ಮಾತು "ಕಾಯಲು ಸಿದ್ಧ" ಅನ್ನುವುದು.

ಯಾವಾಗ ಕೇಳಬೇಕು

ಸಮಯ ಗೊತ್ತಿದ್ದವರಿಗೆ ಒಳ್ಳೆ ಕೋಳಿ ಸಿಗುತ್ತದೆ. ಬ್ರೀಡರ್‌ನ ವರ್ಷ ಹೀಗೆ ನಡೆಯುತ್ತದೆ. ಮೊಟ್ಟೆ ಸೀಸನ್ ಶುರುವಿನಲ್ಲಿ ಜೋಡಿ ಹಾಕುತ್ತಾರೆ. ಕೆಲವು ತಿಂಗಳು ಮರಿ ಮಾಡಿಸುತ್ತಾರೆ. ಮರಿಗಳು ಬೆಳೆದು ದೊಡ್ಡ ಗರಿ ಬಂದ ಮೇಲೆ ಕೂತು ಆರಿಸುತ್ತಾರೆ. ಹಗುರ ತಳಿಗಳು ಆರು ತಿಂಗಳ ಹೊತ್ತಿಗೆ ರೂಪ ತೋರಿಸುತ್ತವೆ. ಬ್ರಹ್ಮ, ಕೊಚ್ಚಿನ್ ಥರದ ಭಾರಿ ತಳಿಗಳು ಪೂರ್ತಿ ತುಂಬಿಕೊಳ್ಳಲು ಒಂದು ವರ್ಷ ದಾಟುವುದೂ ಉಂಟು.

ಹೀಗಾಗಿ ಮರಿ ಮಾಡಿಸುವ ಮೊದಲೇ ಹೆಸರು ಬರೆಸಿ. ಆರಿಸುವ ಕೆಲಸ ಮುಗಿದ ವಾರಗಳಲ್ಲಿ ಹೋಗಿ ತನ್ನಿ. ಅತಿ ಒಳ್ಳೆಯದನ್ನು ಅವರು ಇಟ್ಟುಕೊಳ್ಳುತ್ತಾರೆ. ಅದು ಅವರ ಹಕ್ಕು, ಅದರ ಬಗ್ಗೆ ಬೇಜಾರು ಬೇಡ. ಅದರ ನಂತರದ್ದು ಅದರ ಒಡಹುಟ್ಟಿದ್ದೇ ಆಗಿರುತ್ತದೆ. ಮರಿ ಕೊಡಲು ಅದು ಅಣ್ಣನಷ್ಟೇ ಒಳ್ಳೆಯದಿರಬಹುದು.

ಇನ್ನೊಂದು ಅವಕಾಶವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮರಿ ಸೀಸನ್ ಮುಗಿದ ಕೂಡಲೇ ಬ್ರೀಡರ್‌ಗೆ ಜಾಗ ಬೇಕು. ಆಗ ಎರಡು ಮೂರು ವರ್ಷದ ಹಳೆ ಜೋಡಿಗಳನ್ನು ಬಿಟ್ಟುಕೊಡುತ್ತಾರೆ. ಇವು ಇನ್ನು ಪಂಜರದಲ್ಲಿ ಮಿಂಚಲಿಕ್ಕಿಲ್ಲ. ಮೊಟ್ಟೆಯೂ ಸ್ವಲ್ಪ ಕಮ್ಮಿ. ಆದರೆ ಇವು ಎಂಥ ಮರಿ ಕೊಡುತ್ತವೆ ಅಂತ ಬರೆದಿಟ್ಟ ಲೆಕ್ಕ ಇದೆ, ಆ ಮರಿಗಳು ಕಣ್ಣ ಮುಂದೆಯೇ ಓಡಾಡುತ್ತಿರುತ್ತವೆ. ತಳಿ ಕಟ್ಟುವವರಿಗೆ ಇದಕ್ಕಿಂತ ಒಳ್ಳೆ ಕೊಳ್ಳುವಿಕೆ ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೊಟ್ಟೆಯೋ, ಮರಿಯೋ, ಬೆಳೆದದ್ದೋ

ಮೊಟ್ಟೆ ಅಗ್ಗ, ಆದರೆ ಭರವಸೆ ಕಮ್ಮಿ. ಪಾರ್ಸೆಲ್‌ನಲ್ಲಿ ಬಂದ ಮೊಟ್ಟೆಯಲ್ಲಿ ಅರ್ಧ ಮರಿಯಾದರೆ ಚೆನ್ನಾಗಿ ಆಯಿತು ಅಂದುಕೊಳ್ಳಿ. ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ನೆ ಇಡಿ. ಆಮೇಲೆ ಕಾವಿಗೆ ಹಾಕಿ. ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ ಸೆಲ್ಸಿಯಸ್, 21 ದಿನ. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಬೇಡ ಅಂತ ಮೊದಲೇ ಹೇಳಿಬಿಡಿ.

ಮರಿ ತಂದರೆ ಹೆಚ್ಚು ಕಮ್ಮಿ ಅರ್ಧ ಹುಂಜ ಬರುತ್ತವೆ. ಅವುಗಳನ್ನು ಎಲ್ಲಿ ಇಡುತ್ತೀರಿ, ಯಾರಿಗೆ ಕೊಡುತ್ತೀರಿ ಅಂತ ತರುವ ಮೊದಲೇ ಯೋಚಿಸಿ. ರೋಸ್ ಜುಟ್ಟಿನ (ಚಪ್ಪಟೆಯಾಗಿ ಹರಡಿದ ಜುಟ್ಟಿನ) ವಯಾಂಡಾಟ್‌ನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಜುಟ್ಟಿನ ಮರಿ ಬಂದರೆ ಮೋಸ ಹೋದೆವು ಅಂದುಕೊಳ್ಳಬೇಡಿ. ರೋಸ್ ಜುಟ್ಟಿನ ಜೀನ್ ಎರಡು ಪ್ರತಿ ಇರುವ ಹುಂಜಕ್ಕೆ ಫಲವಂತಿಕೆ ಕಮ್ಮಿ. ಅದಕ್ಕೇ ಒಂದು ಪ್ರತಿ ಇರುವ ಹುಂಜಗಳು ಲೈನ್‌ನಲ್ಲಿ ಉಳಿದುಕೊಂಡು ಬರುತ್ತವೆ, ಅವುಗಳಿಂದಲೇ ಆಗೊಮ್ಮೆ ಈಗೊಮ್ಮೆ ಒಂಟಿ ಜುಟ್ಟು ಹೊರಬರುತ್ತದೆ.

ಬೆಳೆದ ಕೋಳಿ ದುಬಾರಿ. ಆದರೂ ಹೊಸಬರಿಗೆ ನಾನು ಹೇಳುವುದು ಅದನ್ನೇ. ಒಂದು ಹುಂಜ, ಎರಡು ಹೇಂಟೆ. ಇದಕ್ಕೆ ಟ್ರಯೋ ಅನ್ನುತ್ತಾರೆ. ಮೂರನ್ನೂ ಒಬ್ಬರಿಂದಲೇ ತನ್ನಿ. ಅವರನ್ನೇ ಜೋಡಿಸಿ ಕೊಡಲು ಕೇಳಿ. ಹೇಂಟೆಯಲ್ಲಿ ಬಾಲ ಸ್ವಲ್ಪ ಎತ್ತರ ಇದ್ದರೆ ಅದನ್ನು ತಿದ್ದುವ ಹುಂಜ ಯಾವುದು ಅಂತ ಅವರಿಗೆ ಗೊತ್ತು, ನಿಮಗೆ ಇನ್ನೂ ಗೊತ್ತಿಲ್ಲ.

ಕೈಯಲ್ಲಿ ಹಿಡಿದು ನೋಡುವುದು

ಮೊದಲು ದೂರ ನಿಂತು ನೋಡಿ. ಕೋಳಿ ನಡೆಯಲಿ. ಎರಡೂ ಕಾಲಿನ ಮೇಲೆ ಭಾರ ಸಮ ಬೀಳುತ್ತಿದೆಯಾ? ಮೊಣಕಾಲು ಒಳಗೆ ತಾಗುತ್ತಿದೆಯಾ? ಹಿಂದಿನಿಂದ ನೋಡಿದಾಗ ಬಾಲ ಬೆನ್ನಿನ ನೇರಕ್ಕೇ ಇದೆಯಾ? ನೆಲದ ಮೇಲೆ ಆರಾಮಾಗಿ ನಿಂತಾಗ ಕಾಣುವ ಗೆರೆಯೇ ಅದರ ನಿಜವಾದ ಗೆರೆ.

ಆಮೇಲೆ ಅನುಮತಿ ಕೇಳಿ ಕೈಗೆ ತೆಗೆದುಕೊಳ್ಳಿ. ಒಂದು ಅಂಗೈ ಎದೆಯ ಕೆಳಗೆ, ಬೆರಳುಗಳ ನಡುವೆ ಕಾಲು, ತಲೆ ನಿಮ್ಮ ಕಡೆಗೆ. ಕೋಳಿ ಗಾಬರಿಯಾಗದೆ ಕೂರುತ್ತದೆ. ತಲೆಯಿಂದ ಶುರು ಮಾಡಿ. ಕೊಕ್ಕಿನ ಮೇಲ್ತುದಿ ಕೆಳತುದಿ ಕೂಡಬೇಕು, ಕತ್ತರಿಯಂತೆ ಅಡ್ಡ ಹೋಗಬಾರದು. ಕಣ್ಣಿನ ಬಣ್ಣ ಎರಡೂ ಕಡೆ ಒಂದೇ ಇರಬೇಕು, ಕಣ್ಣಪಾಪೆ ದುಂಡಗಿರಬೇಕು. ಬೂದಿ ಬಣ್ಣಕ್ಕೆ ತಿರುಗಿದ ಕಣ್ಣು, ಅಂಚು ಮುರಿದ ಪಾಪೆ ಮಾರೆಕ್ಸ್ ಎಂಬ ವೈರಸ್ ರೋಗದ ಗುರುತಿರಬಹುದು. ಕಣ್ಣಂಚಿನಲ್ಲಿ ನೊರೆ, ಮೂಗಿನಲ್ಲಿ ನೀರು, ಮುಖದಲ್ಲಿ ಊತ, ಕೆಟ್ಟ ವಾಸನೆ, ಇದರಲ್ಲಿ ಒಂದು ಕಂಡರೂ ಕೋಳಿಯನ್ನು ಕೆಳಗೆ ಬಿಟ್ಟು ಕೈ ತೊಳೆಯಿರಿ. ಆ ದಿನ ಅಲ್ಲಿಂದ ಯಾವ ಕೋಳಿಯನ್ನೂ ತರಬೇಡಿ.

ಎದೆಮೂಳೆಯ ಮೇಲೆ ಬೆರಳು ಓಡಿಸಿ. ನೇರ ಇರಬೇಕು. ಡೊಂಕು, ಗುಂಡಿ ಬೆರಳಿಗೆ ತಿಳಿಯುತ್ತದೆ. ಎರಡೂ ಬದಿಯಲ್ಲಿ ಮಾಂಸ ತುಂಬಿರಬೇಕು. ದಪ್ಪ ಗರಿಯ ತಳಿಗಳು ಕಣ್ಣಿಗೆ ದುಂಡಗೆ ಕಂಡು ಕೈಗೆ ಬರೀ ಮೂಳೆ ಸಿಗುವುದುಂಟು.

ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ. ಹೊರಗಿನ ದೊಡ್ಡ ಗರಿಗಳಿಗೂ ಒಳಗಿನ ಗರಿಗಳಿಗೂ ನಡುವೆ ಗರಿಯೇ ಇಲ್ಲದ ಸಂದು ಕಂಡರೆ ಅದು ಸೀಳು ರೆಕ್ಕೆ. ಇದು ಮರಿಗಳಿಗೂ ಬರುತ್ತದೆ. ಗರಿ ಉದುರುವ ಕಾಲದಲ್ಲಿ ಮಾತ್ರ ತಪ್ಪು ತಿಳಿಯಬಹುದು, ಹೊಸ ಗರಿಯ ಮೊಳಕೆ ಇದೆಯಾ ನೋಡಿ. ಪೂರ್ತಿ ಕಪ್ಪು ಕೋಳಿಯಾದರೆ ಗರಿಯ ಬುಡ ಬಿಡಿಸಿ ಬಿಳಿ ಇದೆಯಾ ನೋಡಿ.

ಬಾಲದ ಕೆಳಗೆ, ಗುದದ ಸುತ್ತ ಗರಿ ಸರಿಸಿ. ಹೇನು, ನುಸಿ ಇದ್ದರೆ ಅಲ್ಲೇ ಕಾಣುತ್ತವೆ. ಗರಿಯ ಬುಡದಲ್ಲಿ ಬಿಳಿ ಗಂಟು ಕಂಡರೆ ಅವು ಹೇನಿನ ಮೊಟ್ಟೆ. ಕಾಲಿನ ಪದರಗಳು ಎದ್ದು ದಪ್ಪ ಆಗಿದ್ದರೆ ಕಾಲುನುಸಿ. ವಾಸಿ ಮಾಡಬಹುದು, ಆದರೆ ಸಾಕಣೆಯ ಶಿಸ್ತು ಎಂಥದ್ದು ಅಂತ ಅದು ಹೇಳಿಬಿಡುತ್ತದೆ. ಬೆರಳು ನೇರ ಇರಬೇಕು, ಹಿಂದಿನ ಬೆರಳು ಹಿಂದಕ್ಕೇ ಇರಬೇಕು.

ಮುರಿದ ಗರಿಗೆ ಹೆದರಬೇಡಿ. ಮುರಿದದ್ದು ಮುಂದಿನ ಸಲ ಗರಿ ಉದುರಿದಾಗ ಹೊಸದಾಗಿ ಬರುತ್ತದೆ. ಮೈಕಟ್ಟು ಮೊದಲು, ತಲೆ ಆಮೇಲೆ, ಬಣ್ಣ ಕೊನೆಗೆ. ಬಣ್ಣ ಒಂದೆರಡು ತಲೆಮಾರಿನಲ್ಲಿ ತಿದ್ದಬಹುದು. ಕಿರಿದಾದ ಬೆನ್ನನ್ನು ಅಗಲ ಮಾಡಲು ವರ್ಷಗಳು ಬೇಕು.

ರೋಗದ ಬಗ್ಗೆ ನೇರವಾಗಿ ಕೇಳಿ

ಪುಲ್ಲೋರಮ್ ಪರೀಕ್ಷೆ ಆಗಿದೆಯಾ? ಇದು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಹೋಗುವ ರೋಗ. ಅಮೆರಿಕದಲ್ಲಿ 1935ರಲ್ಲಿ ಶುರುವಾದ ನ್ಯಾಷನಲ್ ಪೌಲ್ಟ್ರಿ ಇಂಪ್ರೂವ್‌ಮೆಂಟ್ ಪ್ಲಾನ್ ಇದನ್ನು ತೊಡೆದುಹಾಕಲೆಂದೇ ಬಂದದ್ದು. ಉಸಿರಾಟಕ್ಕೆ ತೊಂದರೆ ಕೊಡುವ ಮೈಕೋಪ್ಲಾಸ್ಮಾ ರೋಗ ಇದೆಯಾ? ಅದೂ ಮೊಟ್ಟೆ ಮೂಲಕ ಹೋಗುತ್ತದೆ. ವಾಸಿಯಾದಂತೆ ಕಂಡ ಕೋಳಿಯೂ ಅದನ್ನು ಹೊತ್ತುಕೊಂಡೇ ಇರುತ್ತದೆ. ಮಾರೆಕ್ಸ್ ಲಸಿಕೆ ಹಾಕಿದ್ದಾರಾ? ಅದನ್ನು ಸಾಮಾನ್ಯವಾಗಿ ಮರಿ ಹುಟ್ಟಿದ ದಿನವೇ ಹಾಕುತ್ತಾರೆ. ಲಸಿಕೆ ಗಡ್ಡೆ, ಲಕ್ವ ತಡೆಯುತ್ತದೆ. ವೈರಸ್ ಒಳಗೆ ಸೇರುವುದನ್ನು ತಡೆಯುವುದಿಲ್ಲ. ಹಾಗಾಗಿ ಲಸಿಕೆ ಹಾಕಿದ ಕೋಳಿಯಿಂದ ನಿಮ್ಮ ಲಸಿಕೆ ಇಲ್ಲದ ಮರಿಗೆ ಅಂಟಬಹುದು. ಹಕ್ಕಿಜ್ವರ ಇರುವ ಕಾಲದಲ್ಲಿ ಕೋಳಿ ಸಾಗಿಸಲು ನಿಮ್ಮ ಕಡೆ ಏನು ನಿಯಮ ಇದೆ ಅಂತಲೂ ಮೊದಲೇ ವಿಚಾರಿಸಿ.

ಹಣ ಮತ್ತು ಕಾಗದ

ಚೌಕಾಸಿ ಬೇಡ. ಬೆಲೆ ಹೆಚ್ಚಾಯಿತು ಅನಿಸಿದರೆ ಹಳೆ ಜೋಡಿ ಕೇಳಿ ಅಥವಾ ಒಂದು ಹೇಂಟೆ ಕಮ್ಮಿ ತೆಗೆದುಕೊಳ್ಳಿ. ಬಹುಮಾನ ಗ್ಯಾರಂಟಿ ಕೇಳಬೇಡಿ, ಕೊಡುವವರನ್ನು ನಂಬಲೂ ಬೇಡಿ. ಹುಟ್ಟಿದ ದಿನ, ಉಂಗುರದ ನಂಬರ್, ತಂದೆ ತಾಯಿಯ ನಂಬರ್, ಹಾಕಿದ ಲಸಿಕೆ, ಹುಳುವಿನ ಔಷಧಿ ಕೊಟ್ಟ ದಿನ, ಇವನ್ನು ಬರೆಸಿಕೊಳ್ಳಿ. ಒಂದು ವಾರಕ್ಕಾಗುವಷ್ಟು ಅವರದೇ ಆಹಾರ ಕೇಳಿ ತನ್ನಿ.

ಮನೆಗೆ ತಂದ ಮೇಲೆ

ದಾರಿಯಲ್ಲಿ ಒಂದೊಂದು ಕೋಳಿಗೆ ಒಂದೊಂದು ಪೆಟ್ಟಿಗೆ. ಬಾಲ ಮಡಚಿಕೊಳ್ಳದಷ್ಟು ಉದ್ದ, ಗಾಳಿಗೆ ತೂತು, ಕೆಳಗೆ ಮರದ ಹೊಟ್ಟು. ಬಿಸಿಲ ಹೊತ್ತು ಬಿಟ್ಟು ಬೆಳಗ್ಗೆ ಅಥವಾ ರಾತ್ರಿ ಹೊರಡಿ.

ಹಳೆ ಕೋಳಿಗಳಿಂದ 30 ದಿನ ಬೇರೆ ಇಡಿ. ಎಷ್ಟೇ ನಂಬಿಕಸ್ಥ ಬ್ರೀಡರ್ ಆದರೂ ಇದರಲ್ಲಿ ರಿಯಾಯಿತಿ ಇಲ್ಲ. ದಿನಾ ಮೊದಲು ಹಳೆ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ. ಚಪ್ಪಲಿ, ನೀರಿನ ಪಾತ್ರೆ ಬೇರೆ ಇರಲಿ. ಆಹಾರವನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಹೊಸ ಜಾಗಕ್ಕೆ ಬಂದ ಹೇಂಟೆ ಕೆಲವು ವಾರ ಮೊಟ್ಟೆ ನಿಲ್ಲಿಸಬಹುದು, ಅದು ಸಹಜ.

ಮೊದಲ ಮರಿ ಸೀಸನ್

ಬೇರೆ ಬ್ರೀಡರ್ ಹುಂಜವನ್ನು ಮೊದಲ ವರ್ಷವೇ ತಂದು ಬೆರೆಸಬೇಡಿ. ಒಬ್ಬರು ಕಷ್ಟಪಟ್ಟು ಒಂದೇ ಅಚ್ಚಿಗೆ ತಂದದ್ದು ಒಂದೇ ಸೀಸನ್‌ನಲ್ಲಿ ಚದುರಿಹೋಗುತ್ತದೆ. ಎರಡು ಹೇಂಟೆಗಳ ಮೊಟ್ಟೆಯನ್ನು ಬೇರೆ ಬೇರೆ ಗುರುತು ಮಾಡಿ, ಮರಿಗಳಿಗೂ ಬೇರೆ ಗುರುತು ಹಾಕಿ. ಯಾವ ತಾಯಿ ಒಳ್ಳೆ ಮರಿ ಕೊಟ್ಟಳು ಅಂತ ತಿಳಿಯಲು ಬೇರೆ ದಾರಿ ಇಲ್ಲ. ಹೊರಗೆ ಹಾಕುವ ದೋಷ ಇರುವ ಮರಿಗಳನ್ನು ಬೇಗ ತೆಗೆಯಬಹುದು. ಉಳಿದವುಗಳಲ್ಲಿ ಅವಸರ ಬೇಡ, ದೊಡ್ಡ ಗರಿ ಬರುವವರೆಗೂ ಇಟ್ಟುಕೊಳ್ಳಿ.

ಮರಿಗಳು ಬೆಳೆದ ಮೇಲೆ ಬ್ರೀಡರ್‌ಗೆ ಫೋಟೊ ಕಳಿಸಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ರೆಕ್ಕೆ ಬಿಡಿಸಿ ಒಂದು. ಸಾಧ್ಯವಾದರೆ ಮರಿಗಳನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಅವರು ಒಂದೊಂದನ್ನೂ ಹಿಡಿದು ಇದು ಇರಲಿ, ಇದು ಬೇಡ ಅಂತ ಹೇಳುವುದನ್ನು ಕೇಳಿ, ಬರೆದುಕೊಳ್ಳಿ. ಎಲ್ಲಾ ಮರಿಗಳಲ್ಲೂ ಒಂದೇ ದೋಷ ಕಾಣುತ್ತಿದ್ದರೆ ಅದೇ ಲೈನ್‌ನ ಇನ್ನೊಂದು ಹುಂಜ ಕೊಡಬಹುದೇ ಅಂತ ಆಗಲೇ ಕೇಳಿ, ಮುಂದಿನ ಸೀಸನ್‌ಗೆ ಹೆಸರು ಬರೆಸಿ ಬನ್ನಿ.